ಮರಿಮಗಳಿಗೆ ಗೊತ್ತಿರುವ ದಾರಿ

ನ್ಯೂಜಿಲೆಂಡಿನಲ್ಲಿ ಬೇಸಿಗೆ ಹತ್ತಿರವಾದಂತೆ ನರ್ಸರಿಗಳಲ್ಲಿ ‘ಸ್ವಾನ್ ಪ್ಲಾಂಟ್’ ಎಂಬ ಗಿಡಕ್ಕೆ ಬೇಡಿಕೆ ಏರುತ್ತದೆ. ಮಕ್ಕಳಿರುವ ಮನೆಯವರು ಅದನ್ನು ಕೊಂಡೊಯ್ದು ಹಿತ್ತಲಲ್ಲಿ ನೆಡುವುದೇ ಹುಳ ಬಂದು ತಿನ್ನಲಿ ಎಂದು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಎರಡು ವಾರದಲ್ಲಿ ಎಲೆಗಳನ್ನೆಲ್ಲ ಬೋಳಿಸಿ, ಚಿನ್ನದ ಚುಕ್ಕಿಯಿಟ್ಟ ಹಸಿರು ಕೋಶವಾಗಿ ನೇತಾಡಿ, ಮತ್ತೆರಡು ವಾರಕ್ಕೆ ಕಿತ್ತಳೆ ರೆಕ್ಕೆ ಬಿಚ್ಚಿ ಹಾರುತ್ತದೆ. ಅಲ್ಲಿನ ಮಕ್ಕಳ ಪಾಲಿಗೆ ಮೊನಾರ್ಕ್ ಎಂದರೆ ಮನೆಯ ಚಿಟ್ಟೆ. ಅದರ ತವರು ಉತ್ತರ ಅಮೆರಿಕ. 19ನೇ ಶತಮಾನದಲ್ಲಿ ಅದು ಪೆಸಿಫಿಕ್ ಸಾಗರದ ದ್ವೀಪಗಳನ್ನು ಒಂದೊಂದಾಗಿ ಹಿಡಿಯಿತು. ಹವಾಯಿ, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ನೆಲೆಯೂರಿತು. ಅಟ್ಲಾಂಟಿಕ್ ಕಡೆ ಸ್ಪೇನ್, ಪೋರ್ಚುಗಲ್‌ಗಳಲ್ಲೂ ಇದೆ.

ಇಷ್ಟು ದೇಶಗಳಲ್ಲಿ ಸುಖವಾಗಿರುವ ಚಿಟ್ಟೆಯನ್ನು 2022ರ ಜುಲೈನಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಲೆಕ್ಕಾಚಾರದ ಬಗ್ಗೆ ತಕರಾರು ಬಂದು ಮರುವರ್ಷ ಒಂದು ಮೆಟ್ಟಿಲು ಇಳಿಸಿ ‘ಅಪಾಯಕ್ಕೆ ಈಡಾಗಬಲ್ಲದ್ದು’ ಎಂಬ ವರ್ಗಕ್ಕೆ ಹಾಕಿತು. ಆದರೂ ಪಟ್ಟಿಯಲ್ಲಿದೆ. ಆಕ್ಲೆಂಡಿನ ಹಿತ್ತಲಲ್ಲಿ ಹುಳುಹುಳು ಎನ್ನುವಷ್ಟಿರುವ ಜೀವಿ ಕೆಂಪು ಪಟ್ಟಿಯಲ್ಲೇಕೆ? ಪಟ್ಟಿಯನ್ನು ಗಮನವಿಟ್ಟು ಓದಿದರೆ ಉತ್ತರ ಸಿಗುತ್ತದೆ. ಅಲ್ಲಿರುವುದು ‘ವಲಸೆ ಹೋಗುವ ಮೊನಾರ್ಕ್’. ಕೆನಡಾದ ಗಡಿಯಿಂದ ಮೆಕ್ಸಿಕೋದ ಬೆಟ್ಟಗಳವರೆಗೆ ವರ್ಷವರ್ಷ ನಡೆಯುವ ಯಾನವೇ ಅಪಾಯದಲ್ಲಿದೆ. ಚಿಟ್ಟೆಗೆ ಇನ್ನೂ ಬೇಕಾದಷ್ಟು ಠಾವುಗಳಿವೆ. ಮೊನಾರ್ಕ್ ಬಗ್ಗೆ ಬರುವ ಬರಹಗಳಲ್ಲಿ ಈ ವ್ಯತ್ಯಾಸ ಬಹಳ ಸಲ ಮಸುಕಾಗಿಬಿಡುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಅದೇ.

ಕಥೆ ಶುರುವಾಗುವುದು ಒಂದು ಗಿಡದಿಂದ. ಮೊನಾರ್ಕ್ ಹುಳ ಮಿಲ್ಕ್‌ವೀಡ್ ಗುಂಪಿನ ಗಿಡ ಬಿಟ್ಟರೆ ಬೇರೇನನ್ನೂ ತಿನ್ನುವುದಿಲ್ಲ. ಎಲೆ ಮುರಿದರೆ ಹಾಲು ಸುರಿಸುವ ಈ ಗಿಡ ನಮಗೂ ತೀರ ಅಪರಿಚಿತವಲ್ಲ. ರಥಸಪ್ತಮಿಯ ದಿನ ತಲೆ, ಭುಜಗಳ ಮೇಲೆ ಎಲೆಯಿಟ್ಟು ಸ್ನಾನ ಮಾಡುತ್ತೇವಲ್ಲ, ಆ ಎಕ್ಕ ಇದರ ಹತ್ತಿರದ ನೆಂಟ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣೇ ಹೋದೀತೆಂದು ಹಳ್ಳಿಯ ಹಿರಿಯರು ಮಕ್ಕಳನ್ನು ಗದರಿಸುವುದರಲ್ಲಿ ಅರ್ಥವಿದೆ. ಆ ಹಾಲಿನಲ್ಲಿ ಕಾರ್ಡೆನೊಲೈಡ್ ಎಂಬ ವಿಷವಿದೆ. ಮಿಲ್ಕ್‌ವೀಡ್‌ನಲ್ಲೂ ಅದೇ ಬಗೆಯ ವಿಷ. ಪ್ರಾಣಿಗಳ ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುವ ಪಂಪಿನಂಥ ಪ್ರೋಟೀನ್ ಇರುತ್ತದೆ. ಈ ವಿಷ ಹೋಗಿ ಅದಕ್ಕೇ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಹೃದಯದ ಬಡಿತ ಲಯ ತಪ್ಪುತ್ತದೆ. ಪ್ರಮಾಣ ಹೆಚ್ಚಾದರೆ ನಿಂತೇ ಹೋಗುತ್ತದೆ.

ಹೀಗಿರುವ ಎಲೆಯ ಮೇಲೆ ತಾಯಿಚಿಟ್ಟೆ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ಸಾಮಾನ್ಯವಾಗಿ ಎಲೆಯ ಅಡಿಭಾಗದಲ್ಲಿ, ಗುಂಡುಸೂಜಿಯ ತಲೆಯಷ್ಟು. ನಾಲ್ಕು ದಿನಕ್ಕೆ ಹೊರಬರುವ ಮರಿಗೆ ಮೊದಲ ಅಪಾಯ ವಿಷಕ್ಕಿಂತ ಹೆಚ್ಚಾಗಿ ಹಾಲಿನ ಅಂಟು. ಕಚ್ಚಿದ ಜಾಗದಲ್ಲಿ ಒಸರಿದ ಹಾಲಿಗೆ ಮೂತಿ ಅಂಟಿಕೊಂಡರೆ ಅಲ್ಲಿಗೆ ಮುಗಿಯಿತು. ಎಷ್ಟೋ ಮರಿಗಳು ಮೊದಲ ತುತ್ತಿನಲ್ಲೇ ಸಾಯುತ್ತವೆ. ಬದುಕುವವು ಉಪಾಯ ಮಾಡುತ್ತವೆ. ಮೊದಲು ಎಲೆಯ ಮೇಲಿನ ಸಣ್ಣ ರೋಮಗಳನ್ನು ಕತ್ತರಿಸಿ ಹಾಕುತ್ತವೆ. ಆಮೇಲೆ ಸುತ್ತಲೂ ಕಮಾನಿನಂತೆ ಕಚ್ಚಿ ಹಾಲಿನ ನಾಳಗಳನ್ನು ತುಂಡರಿಸಿ, ಹಾಲು ಬತ್ತಿದ ನಡುವಿನ ಚೂರನ್ನು ತಿನ್ನುತ್ತವೆ. ದೊಡ್ಡ ಹುಳದ ವಿಧಾನ ಇನ್ನೂ ಸಲೀಸು. ಎಲೆಯ ನಡುನರಕ್ಕೆ ಬುಡದಲ್ಲೇ ಒಂದು ಕಚ್ಚು ಹಾಕುತ್ತದೆ. ಹಾಲು ಅಲ್ಲಿಯೇ ಸೋರಿಹೋಗಿ ಎಲೆ ಜೋಲುಬಿದ್ದ ಮೇಲೆ ತುದಿಗೆ ಹೋಗಿ ನೆಮ್ಮದಿಯಿಂದ ಊಟಕ್ಕೆ ಕೂರುತ್ತದೆ. ಎರಡು ವಾರದೊಳಗೆ ಅದರ ತೂಕ ಹುಟ್ಟಿದಾಗಿನ ಎರಡು ಸಾವಿರ ಪಟ್ಟಿನ ಆಸುಪಾಸಿಗೆ ಬರುತ್ತದೆ.

ಹಾಲು ಬಸಿದರೂ ವಿಷ ಎಲೆಯಲ್ಲಿ ಉಳಿದೇ ಇರುತ್ತದೆ, ಹೊಟ್ಟೆಗೂ ಹೋಗುತ್ತದೆ. ಹಾಗಿದ್ದರೆ ಹುಳ ಸಾಯುವುದಿಲ್ಲ ಏಕೆ? ಮೊನಾರ್ಕ್‌ನ ಪಂಪ್ ಪ್ರೋಟೀನಿನಲ್ಲಿ ವಿಷ ಅಂಟಿಕೊಳ್ಳುವ ಜಾಗವೇ ಬದಲಾಗಿದೆ. ಮೂರು ಕಡೆ ಒಂದೊಂದು ಅಮೈನೋ ಆಮ್ಲ ಬೇರೆ, ಅಷ್ಟೇ. 2019ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ನೋವಾ ವೈಟ್‌ಮನ್ ಮತ್ತು ಸಂಗಡಿಗರು ಈ ಮೂರು ಬದಲಾವಣೆಗಳನ್ನು ಕ್ರಿಸ್ಪರ್ ತಂತ್ರದಿಂದ ಹಣ್ಣುನೊಣದ ಜೀನಿನಲ್ಲಿ ಮಾಡಿ ನೋಡಿದರು. ನೊಣ ವಿಷ ತಿಂದು ಬದುಕಿತು. ಇನ್ನೊಂದು ಸ್ವಾರಸ್ಯವೂ ಹೊರಬಿತ್ತು. ವಿಷಕ್ಕೆ ಜಗ್ಗದಂತೆ ಮಾಡುವ ಮುಖ್ಯ ಬದಲಾವಣೆಯೊಂದನ್ನೇ ಮಾಡಿದಾಗ ನೊಣಗಳ ನರವ್ಯೂಹ ಹದಗೆಟ್ಟು, ಬಾಟಲಿ ಕುಲುಕಿದರೆ ಸಾಕು, ಸೆಳವು ಬಂದು ಬೀಳುತ್ತಿದ್ದವು. ಮತ್ತೊಂದು ಬದಲಾವಣೆ ಜೊತೆಗೂಡಿದಾಗ ಆ ತೊಂದರೆ ತಗ್ಗಿತು. ವಿಕಾಸದ ಹಾದಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಲೆಕ್ಕವಿತ್ತು ಎಂದಾಯಿತು.

ತಾನು ಸಾಯದಿದ್ದರಷ್ಟೇ ಸಾಲದು, ಮೊನಾರ್ಕ್ ಹುಳ ಆ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಅದು ರೆಕ್ಕೆ ಮತ್ತು ಹೊಟ್ಟೆಯ ಹೊರಪದರದಲ್ಲಿ ಉಳಿಯುತ್ತದೆ. ಇದನ್ನು ಸಾಬೀತು ಮಾಡಿದ್ದು 1960ರ ದಶಕದಲ್ಲಿ ಲಿಂಕನ್ ಬ್ರೋವರ್ ಮತ್ತು ಜೇನ್ ಬ್ರೋವರ್ ದಂಪತಿ. ಬ್ಲೂ ಜೇ ಎಂಬ ಹಕ್ಕಿಗೆ ಮಿಲ್ಕ್‌ವೀಡ್ ತಿಂದು ಬೆಳೆದ ಮೊನಾರ್ಕ್ ಕೊಟ್ಟರು. ಹಕ್ಕಿ ತಿಂದು, ಸ್ವಲ್ಪ ಹೊತ್ತಿಗೆ ಗರಿ ಕೆದರಿಕೊಂಡು ವಾಂತಿ ಮಾಡಿತು. ಆ ಹಕ್ಕಿಗೆ ಮುಂದೆ ಕಿತ್ತಳೆ ಚಿಟ್ಟೆ ತೋರಿಸಿದರೂ ಮೂಸಿ ನೋಡಲಿಲ್ಲ. ದೋಷ ಗಿಡದ್ದೇ ಎಂದು ಖಚಿತ ಮಾಡಿಕೊಳ್ಳಲು ಅವರು ಮಾಡಿದ್ದು ಇನ್ನೂ ಸಾಹಸದ ಕೆಲಸ: ಕೆಲವು ಮೊನಾರ್ಕ್ ಹುಳಗಳನ್ನು ಹೇಗೋ ಒಗ್ಗಿಸಿ ಎಲೆಕೋಸಿನ ಮೇಲೆ ಬೆಳೆಸಿದರು. ಆ ಚಿಟ್ಟೆಗಳನ್ನು ಹಕ್ಕಿ ಸಂತೋಷದಿಂದ ತಿಂದಿತು.

ನಮ್ಮ ಕಡೆಯ ಎಕ್ಕದ ಪೊದೆಯಲ್ಲಿ ಇದೇ ನಾಟಕ ಬೇರೆ ಪಾತ್ರಗಳೊಂದಿಗೆ ನಡೆಯುತ್ತಿದೆ. ಎಕ್ಕದ ಎಲೆ ಮೇಯುವ ಪಟ್ಟೆಪಟ್ಟೆ ಹುಳ ಪ್ಲೇನ್ ಟೈಗರ್ ಚಿಟ್ಟೆಯದ್ದು. ಮೊನಾರ್ಕ್ ಸೇರಿದ ಡನಾಸ್ ಕುಲದ್ದೇ. ಮೊನಾರ್ಕ್ ಹುಳಕ್ಕೆ ಮೈಮೇಲೆ ಎರಡು ಜೊತೆ ಕಪ್ಪು ತಂತುಗಳಿದ್ದರೆ ಇದಕ್ಕೆ ಮೂರು. ಪ್ಲೇನ್ ಟೈಗರ್‌ನ ರುಚಿಗೆಟ್ಟ ಹೆಸರಿನ ಲಾಭ ಪಡೆಯುವವಳು ಡನೈಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು. ಗೋಣಿಸೊಪ್ಪು ತಿಂದು ಬೆಳೆದ ಈ ಚಿಟ್ಟೆಯ ಮೈಯಲ್ಲಿ ಎಕ್ಕದ ವಿಷವಿಲ್ಲ, ಆದರೆ ವೇಷ ಥೇಟು ಪ್ಲೇನ್ ಟೈಗರ್‌ನದು. ಗಂಡಿಗೆ ಆ ವೇಷವಿಲ್ಲ, ಕಪ್ಪು ರೆಕ್ಕೆಯ ಮೇಲೆ ಬಿಳಿ ಮಚ್ಚೆ. ಅಂದಹಾಗೆ, ‘ನಮ್ಮೂರಿನಲ್ಲಿ ಮೊನಾರ್ಕ್ ಕಂಡೆ’ ಎಂದು ಫೋಟೋ ಹಂಚುವವರು ಕರ್ನಾಟಕದಲ್ಲಿ ಕಡಿಮೆಯೇನಲ್ಲ. ಅವರು ನೋಡಿರುವುದು ಸಾಮಾನ್ಯವಾಗಿ ಮೊನಾರ್ಕ್‌ನ ಇನ್ನೊಬ್ಬ ದಾಯಾದಿ ಸ್ಟ್ರೈಪ್ಡ್ ಟೈಗರ್. ಕಿತ್ತಳೆಯ ಮೇಲೆ ದಪ್ಪ ಕಪ್ಪು ಗೆರೆ ಅದಕ್ಕೂ ಇರುವುದರಿಂದ ಯಾರಾದರೂ ಮೋಸ ಹೋಗಬೇಕಾದದ್ದೇ.

ವಿಷ ಇದ್ದವರಿಗೆ ಶತ್ರುವಿಲ್ಲ ಎಂದುಕೊಂಡರೆ ನಿಸರ್ಗ ನಗುತ್ತದೆ. ಮೆಕ್ಸಿಕೋದಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್‌ಗಳಿಗೆ ಎರಡು ಹಕ್ಕಿಗಳು ಕಾದಿರುತ್ತವೆ. ಬ್ಲ್ಯಾಕ್-ಬ್ಯಾಕ್ಡ್ ಓರಿಯೋಲ್ ಚಿಟ್ಟೆಯ ಹೊಟ್ಟೆ ಸೀಳಿ ಒಳಗಿನ ಮೆತ್ತನೆಯ ಭಾಗವನ್ನು ಮಾತ್ರ ನಾಜೂಕಾಗಿ ಎಳೆದು ತಿಂದು, ವಿಷ ತುಂಬಿದ ಸಿಪ್ಪೆಯನ್ನು ಎಸೆಯುತ್ತದೆ. ಕಹಿಯಾದದ್ದು ಸಿಕ್ಕರೆ ಅರ್ಧಕ್ಕೇ ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಬ್ಲ್ಯಾಕ್-ಹೆಡೆಡ್ ಗ್ರೋಸ್‌ಬೀಕ್‌ಗೆ ಅಂಥ ನಾಜೂಕು ಬೇಕಿಲ್ಲ. ರೆಕ್ಕೆ ಕಿತ್ತು ಹೊಟ್ಟೆಯನ್ನು ಹಾಗೇ ನುಂಗುತ್ತದೆ. ಅದರ ಪಂಪ್ ಪ್ರೋಟೀನಿನಲ್ಲೂ ಚಿಟ್ಟೆಯದನ್ನು ಹೋಲುವ ಮಾರ್ಪಾಡು ಇರುವುದು ಈಚೆಗೆ ಕಂಡುಬಂದಿದೆ. ಸಸ್ಯ ಕಟ್ಟಿದ ಬೀಗಕ್ಕೆ ಹುಳ ಮಾಡಿಕೊಂಡ ಕೀಲಿಯನ್ನೇ ಹಕ್ಕಿಯೂ ಬೇರೆಯಾಗಿ ಮಾಡಿಕೊಂಡಿದೆ. ರಾತ್ರಿಯಾದ ಮೇಲೆ ಕಪ್ಪುಕಿವಿಯ ಇಲಿ ನೆಲಕ್ಕೆ ಬಿದ್ದ ಚಿಟ್ಟೆಗಳನ್ನು ಹೆಕ್ಕುತ್ತದೆ. ಚಿಟ್ಟೆಗಳ ಋತುವೇ ಅದಕ್ಕೆ ಮರಿ ಹಾಕುವ ಕಾಲ.

ನಿಸರ್ಗದಲ್ಲಿ ಮೊನಾರ್ಕ್‌ನ ಸ್ಥಾನ ಯಾವುದೆಂದು ಕೇಳಿದರೆ ನಾನು ಹೇಳುವುದು ಈ ವಿಷದ ಸರಪಳಿಯನ್ನು. ‘ಮೊನಾರ್ಕ್ ದೊಡ್ಡ ಪರಾಗಸ್ಪರ್ಶಿ, ಅದು ಹೋದರೆ ನಮ್ಮ ಊಟಕ್ಕೇ ಕುತ್ತು’ ಎಂಬ ಪೋಸ್ಟರುಗಳು ಅಮೆರಿಕದಲ್ಲಿ ಧಾರಾಳವಾಗಿ ಕಾಣುತ್ತವೆ. ಸದುದ್ದೇಶದ ಸುಳ್ಳು ಅದು. ಚಿಟ್ಟೆ ಹೂವಿಂದ ಹೂವಿಗೆ ಹೋಗುವುದು ನಿಜ, ಒಂದಿಷ್ಟು ಪರಾಗ ಅಂಟಿಸಿಕೊಂಡು ಹೋಗುವುದೂ ನಿಜ. ಆದರೆ ಮಿಲ್ಕ್‌ವೀಡ್ ಹೂವಿಗೇ ಅದರಿಂದ ಹೆಚ್ಚು ಉಪಕಾರವಿಲ್ಲ. ಆ ಹೂವಿನ ಪರಾಗ ಪುಡಿಯಾಗಿರದೆ ಪುಟ್ಟ ಚೀಲಗಳಲ್ಲಿ ಕಟ್ಟಿಟ್ಟಂತಿರುತ್ತದೆ. ಅದನ್ನು ಕಾಲಿಗೆ ಸಿಕ್ಕಿಸಿಕೊಂಡು ಇನ್ನೊಂದು ಹೂವಿಗೆ ದಾಟಿಸಲು ಜೇನು, ದುಂಬಿ, ಕಣಜಗಳಂಥ ಗಟ್ಟಿಗರೇ ಬೇಕು. ಮೊನಾರ್ಕ್ ಗಿಡಕ್ಕೆ ಕೊಡುವುದಕ್ಕಿಂತ ಗಿಡದಿಂದ ಕೀಳುವುದೇ ಜಾಸ್ತಿ. ಒಂದು ಜೀವಿ ಉಳಿಯಬೇಕೆಂದರೆ ಅದು ಮನುಷ್ಯನಿಗೆ ಕೂಲಿ ಮಾಡುತ್ತಿರಬೇಕೆಂದು ತೋರಿಸುವ ಚಟ ನಮಗೆ ಯಾಕೋ ಬಿಡುವುದಿಲ್ಲ.

ಇನ್ನು ಆ ಪಯಣ. ಬೇಸಿಗೆಯಲ್ಲಿ ಹುಟ್ಟುವ ಮೊನಾರ್ಕ್ ಎರಡರಿಂದ ಆರು ವಾರ ಬದುಕುತ್ತದೆ. ಬೆದೆಗೆ ಬರುತ್ತದೆ, ಮೊಟ್ಟೆಯಿಡುತ್ತದೆ, ಸಾಯುತ್ತದೆ. ಆಗಸ್ಟ್ ಕೊನೆಗೆ ಹಗಲು ಮೊಟಕಾಗಿ, ರಾತ್ರಿ ತಣ್ಣಗಾಗಿ, ಮಿಲ್ಕ್‌ವೀಡ್ ಎಲೆ ಹಣ್ಣಾಗತೊಡಗಿದಾಗ ಹುಟ್ಟುವ ತಲೆಮಾರು ಮಾತ್ರ ಬೇರೆ. ಅದರ ಮೈಯಲ್ಲಿ ಸಂತಾನಕ್ಕೆ ಬೇಕಾದ ಹಾರ್ಮೋನು ಏರುವುದಿಲ್ಲ. ಅದು ಎಂಟು ತಿಂಗಳು ಬದುಕುತ್ತದೆ. ಅರ್ಧ ಗ್ರಾಂ ತೂಕದ ಈ ಜೀವ ದಕ್ಷಿಣಕ್ಕೆ ಮುಖ ಮಾಡುತ್ತದೆ. ಹಗಲು ಮಾತ್ರ ಹಾರಾಟ, ರಾತ್ರಿ ಮರಗಳಲ್ಲಿ ಗುಂಪಾಗಿ ತಂಗುವುದು. ಬಿಸಿಗಾಳಿ ಮೇಲೇಳುವ ಕಡೆ ರೆಕ್ಕೆ ಬಡಿಯದೆ ಹದ್ದಿನಂತೆ ಸುತ್ತುತ್ತ ಏರಿ, ಅಲ್ಲಿಂದ ತೇಲಿಕೊಂಡು ಹೋಗುತ್ತದೆ. ದಾರಿಯಲ್ಲಿ ಗೋಲ್ಡನ್‌ರಾಡ್, ಆಸ್ಟರ್ ಹೂಗಳ ಮಕರಂದ ಹೀರುತ್ತ ಟೆಕ್ಸಾಸ್ ತಲುಪುವ ಹೊತ್ತಿಗೆ ಹೊರಟಾಗ ಇದ್ದದ್ದಕ್ಕಿಂತ ಕೊಬ್ಬಿರುತ್ತದೆ. ಆ ಕೊಬ್ಬೇ ಚಳಿಗಾಲದ ಬುತ್ತಿ. ದೂರದಿಂದ ಬರುವವು 4,000 ಕಿ.ಮೀ. ದಾಟಿರುತ್ತವೆ. ನವೆಂಬರ್ ಆರಂಭಕ್ಕೆ ಮೆಕ್ಸಿಕೋದ ಮಿಚೋಕಾನ್ ಮತ್ತು ಎಸ್ಟಾಡೊ ಡಿ ಮೆಕ್ಸಿಕೊ ರಾಜ್ಯಗಳ ಬೆಟ್ಟಗಳಲ್ಲಿ, ಸುಮಾರು 3,000 ಮೀಟರ್ ಎತ್ತರದ ಓಯಾಮೆಲ್ ಎಂಬ ಫರ್ ಮರಗಳಿಗೆ ಬಂದು ಜೋತುಬೀಳುತ್ತವೆ.

ಅಲ್ಲಿಗೆ ಹೋದ ಒಂದು ಚಿಟ್ಟೆಯೂ ಆ ಕಾಡನ್ನು ಮುಂಚೆ ಕಂಡಿರುವುದಿಲ್ಲ. ಕಂಡಿದ್ದವರು ಅದರ ಮುತ್ತಜ್ಜಿಯರು. ಅವರು ಮಾರ್ಚ್‌ನಲ್ಲಿ ಉತ್ತರಕ್ಕೆ ಹೊರಟು ಟೆಕ್ಸಾಸ್ ಸುತ್ತಮುತ್ತ ಮೊಟ್ಟೆಯಿಟ್ಟು ಸತ್ತರು. ಮಕ್ಕಳು ಇನ್ನೂ ಉತ್ತರಕ್ಕೆ, ಮೊಮ್ಮಕ್ಕಳು ಕೆನಡಾದ ಅಂಚಿಗೆ. ದಾರಿ ತೋರಿಸುವ ಹಿರಿಯರು ಯಾರೂ ಇಲ್ಲ. ದಾರಿ ಮೈಯಲ್ಲೇ ಇದೆ. ಮಸಾಚುಸೆಟ್ಸ್‌ನ ಸ್ಟೀವನ್ ರೆಪ್ಪರ್ಟ್ ಅವರ ಪ್ರಯೋಗಶಾಲೆ ಇದನ್ನು ಬಿಡಿಸಿ ನೋಡಿತು. ಚಿಟ್ಟೆಗೆ ಸೂರ್ಯನೇ ದಿಕ್ಸೂಚಿ. ಆದರೆ ಸೂರ್ಯ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಇರುವುದರಿಂದ ಹೊತ್ತೆಷ್ಟಾಯಿತೆಂದೂ ತಿಳಿದಿರಬೇಕು. ಆ ಗಡಿಯಾರ ಮಿದುಳಿನಲ್ಲಿದ್ದೀತೆಂದು ಎಲ್ಲರೂ ತಿಳಿದಿದ್ದರು. ಸಿಕ್ಕಿದ್ದು ಮೀಸೆಯಲ್ಲಿ! 2009ರಲ್ಲಿ ಚಿಟ್ಟೆಗಳ ಮೀಸೆಗೆ ಕಪ್ಪು ಬಣ್ಣ ಬಳಿದು ಬೆಳಕು ತಾಗದಂತೆ ಮಾಡಿದಾಗ ಅವು ದಿಕ್ಕು ತಪ್ಪಿದವು. ಪಾರದರ್ಶಕ ಬಣ್ಣ ಬಳಿದವು ಸರಿಯಾಗಿ ಹಾರಿದವು. ಮೋಡ ಕವಿದರೆ ನೆರವಿಗೆ ಭೂಮಿಯ ಕಾಂತಕ್ಷೇತ್ರ ಇದೆಯೆಂದು ಅದೇ ತಂಡ 2014ರಲ್ಲಿ ತೋರಿಸಿತು. ವಸಂತದಲ್ಲಿ ಉತ್ತರಕ್ಕೆ ತಿರುಗಬೇಕೆಂದು ಹೇಳುವುದು ಚಳಿ. ದಕ್ಷಿಣಕ್ಕೆ ಹೊರಟಿದ್ದ ಚಿಟ್ಟೆಗಳನ್ನು ಹಿಡಿದು ಮೂರೂವರೆ ವಾರ ಬೆಟ್ಟದಷ್ಟೇ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಹೊರತೆಗೆದರೆ ಅವು ಉತ್ತರಕ್ಕೆ ಹಾರತೊಡಗುತ್ತವೆ.

ಚಿಟ್ಟೆಗಳು ಎಲ್ಲಿಗೆ ಹೋಗುತ್ತವೆ ಎಂಬ ಹುಡುಕಾಟಕ್ಕೆ ಒಬ್ಬ ಮನುಷ್ಯನ ಆಯುಷ್ಯವೇ ಹಿಡಿಯಿತು. ಟೊರಾಂಟೊದ ಫ್ರೆಡ್ ಅರ್ಕ್ಹಾರ್ಟ್ 1930ರ ದಶಕದ ಕೊನೆಯಲ್ಲಿ ಮೊನಾರ್ಕ್ ರೆಕ್ಕೆಗೆ ಗುರುತುಚೀಟಿ ಅಂಟಿಸಲು ಹೊರಟರು. ಮೊದಲ ಚೀಟಿಗಳು ಮಳೆಗೆ ಬಿಚ್ಚಿಕೊಂಡು ಬಿದ್ದವು. ಕೊನೆಗೆ ಅಂಗಡಿಯಲ್ಲಿ ಬೆಲೆ ನಮೂದಿಸಲು ಬಳಸುವ ಅಂಟುಚೀಟಿಯ ಬಗೆ ಕೈಹಿಡಿಯಿತು. ಪತ್ನಿ ನೋರಾ ಜೊತೆ ಸೇರಿ 1952ರಲ್ಲಿ ಸ್ವಯಂಸೇವಕರಿಗೆ ಕರೆ ಕೊಟ್ಟರು. ವರ್ಷಗಳು ಕಳೆದಂತೆ ಸಾವಿರಾರು ಜನ ಜೊತೆಗೂಡಿದರು. ಜಾಡು ಟೆಕ್ಸಾಸ್‌ವರೆಗೆ ಬಂದು ಮೆಕ್ಸಿಕೋದಲ್ಲಿ ಕಳೆದುಹೋಗುತ್ತಿತ್ತು. ನೋರಾ ಅಲ್ಲಿನ ಪತ್ರಿಕೆಗಳಿಗೆ ಬರೆದರು. ಓಗೊಟ್ಟವರು ಮೆಕ್ಸಿಕೋ ಸಿಟಿಯಲ್ಲಿದ್ದ ಕೆನ್ ಬ್ರುಗರ್. ಆತ ಮತ್ತು ಮಿಚೋಕಾನ್‌ನವರೇ ಆದ ಕ್ಯಾಟಲಿನಾ ಅಗ್ವಾಡೊ ಬೆಟ್ಟಗಳನ್ನು ಅಲೆದು, 1975ರ ಜನವರಿ 2ರಂದು ಸೆರ್ರೊ ಪೆಲೊನ್‌ನಲ್ಲಿ ಆ ಮರಗಳನ್ನು ಕಂಡರು. ಬ್ರುಗರ್‌ಗೆ ಬಣ್ಣಗುರುಡು ಇತ್ತೆನ್ನುತ್ತಾರೆ. ಕೋಟ್ಯಂತರ ಕಿತ್ತಳೆ ರೆಕ್ಕೆಗಳ ಮುಂದೆ ನಿಂತವರಲ್ಲಿ ಒಬ್ಬರಿಗೆ ಆ ಕಿತ್ತಳೆಯೇ ಕಾಣದು!

ಮರುವರ್ಷ ಜನವರಿಯಲ್ಲಿ ಅರ್ಕ್ಹಾರ್ಟ್ ಸ್ವತಃ ಬೆಟ್ಟ ಹತ್ತಿದರು. ಆಗವರಿಗೆ 64 ವರ್ಷ. ಅವರು ಕೂತು ನೋಡುತ್ತಿದ್ದಾಗಲೇ ಚಿಟ್ಟೆಗಳ ಭಾರಕ್ಕೆ ಒಂದು ಕೊಂಬೆ ಮುರಿದು ಬಿತ್ತು. ನೆಲದಲ್ಲಿ ಚೆಲ್ಲಿದ ರಾಶಿಯಲ್ಲಿ ಒಂದರ ರೆಕ್ಕೆಯ ಮೇಲೆ ಬಿಳಿ ಚೀಟಿ. ಅದನ್ನು ಅಂಟಿಸಿದ್ದು ಹಿಂದಿನ ಆಗಸ್ಟಿನಲ್ಲಿ ಮಿನೆಸೋಟದ ಚಾಸ್ಕ ಎಂಬ ಊರಿನ ಶಾಲಾ ಮೇಷ್ಟರು ಮತ್ತು ಇಬ್ಬರು ವಿದ್ಯಾರ್ಥಿಗಳು. 1976ರ ಆಗಸ್ಟ್ ಸಂಚಿಕೆಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಚಿಟ್ಟೆ ಮುತ್ತಿದ ಕ್ಯಾಟಲಿನಾ ಚಿತ್ರ ಬಂತು. ಜಗತ್ತಿಗೆ ‘ಪತ್ತೆ’ಯಾಯಿತು. ಬೆಟ್ಟದ ತಪ್ಪಲಿನ ಮಸಾವಾ, ಒಟೊಮಿ ರೈತರಿಗೆ ಈ ಸುದ್ದಿ ಕೇಳಿ ಏನನ್ನಿಸಿತೋ. ಅವರು ತಲೆತಲಾಂತರದಿಂದ ನೋಡುತ್ತಿದ್ದ ಚಿಟ್ಟೆ ಇದು. ನವೆಂಬರ್ ಮೊದಲ ದಿನಗಳಲ್ಲಿ, ಸತ್ತವರನ್ನು ನೆನೆದು ಎಡೆಯಿಡುವ ಹಬ್ಬಕ್ಕೆ ಸರಿಯಾಗಿ ಬರುವುದರಿಂದ, ಹಿರಿಯರ ಆತ್ಮಗಳೇ ಮನೆಗೆ ಬಂದವೆಂದು ನಂಬಿಕೆ.

ಆ ಎತ್ತರದ ಚಳಿಯಲ್ಲಿ ಚಿಟ್ಟೆ ಏಕೆ ಕೂರುತ್ತದೆ? ಬೆಚ್ಚಗಿದ್ದರೆ ಮೈಯ ಕೊಬ್ಬು ಬೇಗ ಕರಗಿಹೋಗುತ್ತದೆ. ತೀರ ಕೊರೆದರೆ ಹೆಪ್ಪುಗಟ್ಟುತ್ತದೆ. ಎರಡರ ನಡುವಿನ ಕಿರಿದಾದ ಹದ ಓಯಾಮೆಲ್ ಕಾಡಿನಲ್ಲಿ ಮಾತ್ರ ಸಿಗುತ್ತದೆ. ಈ ಕಾಡು ಚಿಟ್ಟೆಗೆ ಕಂಬಳಿಯೂ ಹೌದು, ಕೊಡೆಯೂ ಹೌದು ಎಂದು ಬ್ರೋವರ್ ಹೇಳುತ್ತಿದ್ದರು. ಒಣಗಿದ ಚಿಟ್ಟೆ ಸೊನ್ನೆಗಿಂತ ಕೆಳಗೆ ಸುಮಾರು 8 ಡಿಗ್ರಿವರೆಗೆ ತಾಳುತ್ತದೆ. ಮೈ ನೆನೆದಿದ್ದರೆ ಅದರ ಅರ್ಧಕ್ಕೇ ಸಾಯತೊಡಗುತ್ತದೆ. ಹಾಗಾಗಿ ನಾಲ್ಕಾರು ಮರ ಕಡಿದು ನೆತ್ತಿಯಲ್ಲಿ ಕಿಂಡಿ ಬಿದ್ದರೂ ಸಾಕು, ಮಳೆ ಒಳಬರುತ್ತದೆ, ಬೆಚ್ಚಗಿನ ಗಾಳಿ ಹೊರಹೋಗುತ್ತದೆ. 2002ರ ಜನವರಿಯಲ್ಲಿ ಮಳೆಯ ಬೆನ್ನಿಗೇ ಕೊರೆಯುವ ಚಳಿ ಬಂದಾಗ ಎಲ್ ರೊಸಾರಿಯೊ, ಸಿಯೆರ‍್ರಾ ಚಿಂಕುವಾ ತಾಣಗಳಲ್ಲಿ ಮುಕ್ಕಾಲು ಪಾಲು ಚಿಟ್ಟೆಗಳು ನೆಲಕ್ಕುದುರಿದವು.

ಈ ಕಾಡಿಗೆ ಒಡೆಯರಿದ್ದಾರೆ. ಹೆಚ್ಚಿನ ಪಾಲು ‘ಎಹಿಡೊ’ ಎಂಬ ಊರೊಟ್ಟಿನ ಜಮೀನು. 1986ರಲ್ಲಿ ಸರ್ಕಾರ ರಕ್ಷಿತ ಪ್ರದೇಶವೆಂದಾಗ, 2000ದಲ್ಲಿ 56,000 ಹೆಕ್ಟೇರಿನ ಜೀವಗೋಲ ಮೀಸಲು ಎಂದಾಗ ಮರ ಮಾರಿ ಬದುಕುತ್ತಿದ್ದವರ ಕೈ ಕಟ್ಟಿತು. ಪರಿಹಾರ ಧನ, ಪ್ರವಾಸಿಗಳಿಂದ ಬರುವ ಕಾಸು, ಗಸ್ತಿನ ಕೂಲಿ ಆಮೇಲಾಮೇಲೆ ಬಂದವು. ಯುನೆಸ್ಕೊ ಪಾರಂಪರಿಕ ತಾಣದ ಪಟ್ಟ ಸಿಕ್ಕಿದ್ದು 2008ರಲ್ಲಿ. ಪಶ್ಚಿಮಘಟ್ಟದ ಮೀಸಲು ಅರಣ್ಯಗಳ ಅಂಚಿನ ಊರುಗಳನ್ನು ಬಲ್ಲವರಿಗೆ ಈ ಜಗ್ಗಾಟ ಹೊಸದೆನಿಸದು. ಎಲ್ ರೊಸಾರಿಯೊ ತಾಣದ ಮೇಲ್ವಿಚಾರಕರಾಗಿದ್ದ ಒಮೆರೊ ಗೋಮೆಸ್ ಮರಕಡಿಯುವ ಕುಟುಂಬದಿಂದಲೇ ಬಂದು ಚಿಟ್ಟೆಯ ಪರ ನಿಂತವರು. 2020ರ ಜನವರಿ 13ರಂದು ಕಾಣೆಯಾದರು. ಎರಡು ವಾರದ ಮೇಲೆ ಶವ ನೀರಿನ ಹೊಂಡದಲ್ಲಿ ಸಿಕ್ಕಿತು.

ಮೆಕ್ಸಿಕೋದ ಕಾಡಿನಲ್ಲಿ ಚಿಟ್ಟೆಗಳನ್ನು ಒಂದೊಂದಾಗಿ ಎಣಿಸಲಾಗದು. ಅವು ಆವರಿಸಿದ ಕಾಡಿನ ವಿಸ್ತೀರ್ಣವನ್ನು ಅಳೆಯುತ್ತಾರೆ. ಹೆಕ್ಟೇರಿಗೆ ಅಂದಾಜು ಎರಡು ಕೋಟಿ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರ್ ಇತ್ತು. 2013-14ರಲ್ಲಿ 0.67ಕ್ಕೆ ಕುಸಿಯಿತು. 2023-24ರಲ್ಲಿ 0.9, ಮರುವರ್ಷ 1.79. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಚಳಿಗಾಲ ಕಳೆಯುವ ಪಶ್ಚಿಮದ ಗುಂಪಿನದು ಇನ್ನೂ ವಿಚಿತ್ರ ಏರಿಳಿತ: 2020ರ ಎಣಿಕೆಯಲ್ಲಿ ಎರಡು ಸಾವಿರವೂ ಇರಲಿಲ್ಲ, 2021ರಲ್ಲಿ ಎರಡು ಲಕ್ಷ ದಾಟಿತು, 2024ರಲ್ಲಿ ಮತ್ತೆ ಹತ್ತು ಸಾವಿರದೊಳಗೆ. ಕೀಟಗಳ ಸಂಖ್ಯೆ ಹೀಗೆ ಹಾರಿ ಬೀಳುವುದು ಸಹಜ. ಒಂದು ವರ್ಷ ಏರಿತೆಂದು ಕುಣಿಯುವುದೂ ತಪ್ಪು, ಇಳಿಯಿತೆಂದು ಮರಣಪತ್ರ ಬರೆಯುವುದೂ ತಪ್ಪು.

ಕುಸಿತಕ್ಕೆ ಹೆಚ್ಚಾಗಿ ಕೇಳಿಬರುವ ಕಾರಣ ಅಯೋವ, ಇಲಿನಾಯ್ ಸೀಮೆಯ ಹೊಲಗಳಲ್ಲಿದೆ. ಅಲ್ಲಿ ಮಿಲ್ಕ್‌ವೀಡ್ ಮೆಕ್ಕೆಜೋಳ, ಸೋಯಾ ಸಾಲುಗಳ ನಡುವೆಯೇ ಕಳೆಯಾಗಿ ಬೆಳೆಯುತ್ತಿತ್ತು. ‘ನಿನ್ನ ಮನೆ ಎಕ್ಕ ಹುಟ್ಟಿ ಹೋಗ’ ಎಂದು ಬೈಯುವ ನಾಡಿನವರಿಗೆ ಆ ಗಿಡದ ಬಗ್ಗೆ ಅಲ್ಲಿನ ರೈತರಿಗಿದ್ದ ಭಾವನೆ ಬಿಡಿಸಿ ಹೇಳಬೇಕಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಪೀಡೆಗಿಡಗಳ ಸರ್ಕಾರಿ ಪಟ್ಟಿಯಲ್ಲಿ ಅದು 2014ರವರೆಗೂ ಇತ್ತು. ಅದಕ್ಕೆ ಮಾನ ಬಂದದ್ದು ಎರಡನೇ ಮಹಾಯುದ್ಧದಲ್ಲಿ ಮಾತ್ರ. ಸೈನಿಕರ ಲೈಫ್ ಜಾಕೆಟ್‌ಗೆ ತುಂಬಲು ಅದರ ಕಾಯಿಯ ಅರಳೆ ಬೇಕಾಗಿ, ಅಮೆರಿಕದ ಶಾಲಾಮಕ್ಕಳು ಚೀಲ ಹಿಡಿದು ಬೇಲಿಸಾಲು ಸುತ್ತಿದರು. 1996ರಿಂದ ಗ್ಲೈಫೊಸೇಟ್ ಕಳೆನಾಶಕ ತಾಳುವ ಕುಲಾಂತರಿ ಸೋಯಾ, ಆಮೇಲೆ ಮೆಕ್ಕೆಜೋಳ ಬಂದವು. ಹೊಲದ ತುಂಬ ಔಷಧ ಹೊಡೆದರೂ ಬೆಳೆಗೇನೂ ಆಗದು, ಉಳಿದದ್ದೆಲ್ಲ ಸಾಯುತ್ತದೆ. ಜಾನ್ ಪ್ಲೆಸೆಂಟ್ಸ್, ಕರೆನ್ ಓಬರ್ಹೌಸರ್ ಅಂದಾಜಿನಂತೆ 1999ರಿಂದ 2010ರೊಳಗೆ ಆ ಸೀಮೆಯ ಮಿಲ್ಕ್‌ವೀಡ್‌ನಲ್ಲಿ ಶೇ 58 ಇಲ್ಲವಾಯಿತು. ಗಿಡವಷ್ಟೇ ಕಾರಣವಲ್ಲ ಎನ್ನುವವರೂ ಇದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಅನುರಾಗ್ ಅಗರವಾಲ್, ದಕ್ಷಿಣದ ಹಾದಿಯಲ್ಲಿ ಹೂವು ಸಿಗದಿರುವುದು, ಕಾಡು ಸವೆದಿರುವುದು, ಹವಾಮಾನ ಎಲ್ಲವನ್ನೂ ನೋಡಿ ಎನ್ನುತ್ತಾರೆ. ನಷ್ಟ ಆಗುತ್ತಿರುವುದು ಪಯಣದ ಕಾಲದಲ್ಲಿ ಎಂಬ ಅವರ ವಾದ ನನಗೆ ಹಿಡಿಸುತ್ತದೆ.

ಪ್ರೀತಿಯಿಂದಲೂ ಪೆಟ್ಟು ಬಿದ್ದಿದೆ. ಚಿಟ್ಟೆ ಉಳಿಸಲು ಅಮೆರಿಕನ್ನರು ತೋಟಗಳಲ್ಲಿ ಮಿಲ್ಕ್‌ವೀಡ್ ನೆಟ್ಟರು. ಅಂಗಡಿಯಲ್ಲಿ ಸುಲಭಕ್ಕೆ ಸಿಕ್ಕಿದ್ದು ಕೆಂಪು-ಹಳದಿ ಹೂವಿನ ಉಷ್ಣವಲಯದ ಜಾತಿ. ನಮ್ಮಲ್ಲೂ ರಸ್ತೆಬದಿ ಕಳೆಯಾಗಿ ಬೆಳೆಯುವುದು ಅದೇ. ಫ್ಲಾರಿಡಾ, ಟೆಕ್ಸಾಸ್ ಕರಾವಳಿಯಲ್ಲಿ ಅದು ಚಳಿಗಾಲದಲ್ಲೂ ಹಸಿರಾಗಿರುತ್ತದೆ. ಮನೆ ಬಾಗಿಲಲ್ಲೇ ಎಲೆ ಸಿಗುವಾಗ ಮೆಕ್ಸಿಕೋಗೆ ಯಾಕೆ ಹೋಗಬೇಕು? ಒಂದಿಷ್ಟು ಚಿಟ್ಟೆಗಳು ಅಲ್ಲೇ ಉಳಿದವು, ಅಲ್ಲೇ ಮೊಟ್ಟೆಯಿಟ್ಟವು. ಉಳಿದವುಗಳಲ್ಲಿ ಓಇ ಎಂಬ ಏಕಕೋಶ ಪರಾವಲಂಬಿಯ ಹಾವಳಿ ಹೆಚ್ಚಿತು. ಅದರ ಬೀಜಕಣಗಳು ಚಿಟ್ಟೆಯ ಹೊಟ್ಟೆಯಿಂದ ಎಲೆಗೆ ಉದುರಿ, ಎಲೆ ತಿಂದ ಹುಳದೊಳಗೆ ಸೇರುತ್ತವೆ. ಸೋಂಕು ಜಾಸ್ತಿಯಾದ ಚಿಟ್ಟೆ ಕೋಶದಿಂದ ಸರಿಯಾಗಿ ಹೊರಬರಲೂ ಆಗದೆ ಮುದುಡಿದ ರೆಕ್ಕೆಯಲ್ಲೇ ಸಾಯುತ್ತದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಸೋನಿಯಾ ಆಲ್ಟೈಜರ್ ಈ ರೋಗವನ್ನು ವರ್ಷಗಟ್ಟಲೆ ಬೆನ್ನುಹತ್ತಿದವರು. ದೂರ ಹಾರುವಾಗ ರೋಗಿಷ್ಟ ಚಿಟ್ಟೆಗಳು ದಾರಿಯಲ್ಲೇ ಉದುರಿಹೋಗುತ್ತವೆ. ಚಿಟ್ಟೆ ಹೊರಟುಹೋದ ಮೇಲೆ ಸೋಂಕಿನ ಎಲೆಗಳೂ ಬಾಡಿ ಸಾಯುತ್ತವೆ. ವಲಸೆಯೆಂದರೆ ಈ ಜೀವಿಯ ಆರೋಗ್ಯವೂ ಹೌದು. ಪೆಸಿಫಿಕ್ ದ್ವೀಪಗಳಲ್ಲಿ ವಲಸೆ ಬಿಟ್ಟ ಮೊನಾರ್ಕ್‌ಗಳ ರೆಕ್ಕೆ ತಲೆಮಾರುಗಳಲ್ಲಿ ಕಿರಿದಾಗಿದೆ. ಇನ್ನು ಮದುವೆಮನೆಯಲ್ಲಿ ಹಾರಿಬಿಡಲು ಸಾಕಿ ಮಾರುವ ಚಿಟ್ಟೆಗಳು. ಶಿಕಾಗೊ ವಿಶ್ವವಿದ್ಯಾಲಯದವರು 2019ರಲ್ಲಿ ಅಂಥವನ್ನು ಪರೀಕ್ಷಿಸಿದಾಗ ಅವು ದಕ್ಷಿಣಕ್ಕೆ ತಿರುಗಲೇ ಇಲ್ಲ. ಕಾಡಿನ ಮೊನಾರ್ಕ್ ಮರಿಗಳನ್ನೇ ತಂದು ಮನೆಯೊಳಗೆ ಬೆಳೆಸಿದರೂ ದಿಕ್ಕಿನ ಅರಿವು ಮಂಕಾಗಿತ್ತು. ದಾರಿ ಮೈಯಲ್ಲಿದ್ದರೂ ಅದನ್ನು ಎಚ್ಚರಿಸಲು ಬಯಲಿನ ಬೆಳಕು, ಬಯಲಿನ ತಂಪೇ ಬೇಕು.

ದಕ್ಷಿಣ ಭಾರತದಲ್ಲೂ ಇದೇ ಬಳಗದ ಚಿಟ್ಟೆಗಳ ವಲಸೆಯಿದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ಮುಂಗಾರಿಗೆ ಮುಂಚೆ ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ ಸಾಗುತ್ತವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಘಟ್ಟದ ಕಡೆ ಮರಳುತ್ತವೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮೊದಲಾದವರು ಇದನ್ನು ದಾಖಲಿಸಿದ್ದಾರೆ. ಬೆಂಗಳೂರು ಈ ಹಾದಿಯಲ್ಲಿ ಸಿಗುವ ಊರು. ಮೊನಾರ್ಕ್‌ನಷ್ಟು ದೂರದ ದಾರಿಯಲ್ಲ, ಮೆಕ್ಸಿಕೋದಂತೆ ಒಂದೇ ಕಾಡಿನಲ್ಲಿ ಕೋಟಿಗಟ್ಟಲೆ ಕೂಡುವುದೂ ಇಲ್ಲ. ಮಳೆಗಾಲದ ಲೆಕ್ಕಕ್ಕೆ ಹೊಂದಿಕೊಂಡ ನಮ್ಮದೇ ಬಗೆಯ ಓಡಾಟ.

ಅಮೆರಿಕದಲ್ಲಿ ಮೊನಾರ್ಕ್‌ಗೆ ಕಾನೂನಿನ ರಕ್ಷಣೆ ಕೊಡಬೇಕೆಂಬ ಅರ್ಜಿ ಬಿದ್ದದ್ದು 2014ರಲ್ಲಿ. ವನ್ಯಜೀವಿ ಇಲಾಖೆ ‘ಅಪಾಯದಲ್ಲಿರುವ ಜೀವಿ’ ಎಂದು ಘೋಷಿಸುವ ಪ್ರಸ್ತಾವ ಮುಂದಿಟ್ಟದ್ದು 2024ರ ಡಿಸೆಂಬರಿನಲ್ಲಿ. ಆ ಹತ್ತು ವರ್ಷದಲ್ಲಿ ಮೊನಾರ್ಕ್‌ನ ಹತ್ತಾರು ತಲೆಮಾರು ಬಂದುಹೋದವು. ಮೆಕ್ಸಿಕೋದಲ್ಲಿ ಬೇರೆ ಬಗೆಯ ಅವಸರವಿದೆ. ಮೀಸಲಿನೊಳಗೆ ಓಯಾಮೆಲ್‌ಗೆ ಒಗ್ಗುವ ಹವೆ ಈ ಶತಮಾನದ ಕೊನೆಗೆ ಬಹುತೇಕ ಉಳಿಯುವುದಿಲ್ಲವೆಂಬುದು ಮಿಚೋಕಾನ್‌ನ ಅರಣ್ಯವಿಜ್ಞಾನಿ ಕ್ವಾಟೆಮೊಕ್ ಸಾಯೆನ್ಸ್-ರೊಮೆರೊ ಅವರ ಲೆಕ್ಕ. ಬಿಸಿಲೇರಿದಂತೆ ಮರ ಇನ್ನೂ ಎತ್ತರಕ್ಕೆ ಸರಿಯಬೇಕು, ಆದರೆ ಈಗಿನ ಬೆಟ್ಟಗಳ ನೆತ್ತಿ ಅಲ್ಲಿಗೇ ಮುಗಿದುಹೋಗುತ್ತದೆ. ಅದಕ್ಕೇ ಅವರು ಬೇರೆಯ, ಹೆಚ್ಚು ಎತ್ತರದ ಬೆಟ್ಟವೊಂದನ್ನು ಆರಿಸಿಕೊಂಡರು. ನೆವಾಡೊ ಡಿ ಟೊಲುಕಾ ಎಂಬ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಕಲಿಮಾಯಾ ಊರಿನವರ ಜೊತೆಗೂಡಿ 3,400ರಿಂದ 4,000 ಮೀಟರ್‌ವರೆಗೆ ಬೇರೆಬೇರೆ ಎತ್ತರದಲ್ಲಿ ಓಯಾಮೆಲ್ ಸಸಿ ನೆಟ್ಟರು. ಹಿಮದಿಂದ ಕಾಪಾಡಲು ಒಂದೊಂದು ಸಸಿಯನ್ನೂ ಅಲ್ಲಿದ್ದ ಪೊದೆಗಳ ಮಗ್ಗುಲಲ್ಲಿ ಊರಿದರು. 3,800 ಮೀಟರ್‌ವರೆಗೆ ಸಸಿಗಳು ಚೆನ್ನಾಗಿಯೇ ಹಿಡಿದಿವೆ. 4,000ದಲ್ಲಿ ಸತ್ತವು ಹೆಚ್ಚು, ಬದುಕಿದವೂ ಕುಳ್ಳಾಗಿವೆ. ಚಿಟ್ಟೆ ಕೂರುವಷ್ಟು ಎತ್ತರಕ್ಕೆ ಅವು ಬೆಳೆಯಲು ದಶಕಗಳು ಬೇಕು. ಈಗಿನ ಕಾಡಿನಲ್ಲಿ ಗಸ್ತು ತಿರುಗುವ ಎಹಿಡೊದವರಿಗೆ ಅಲ್ಲಿಯವರೆಗೆ ಪ್ರತಿ ವರ್ಷದ ಕೂಲಿ ತಪ್ಪದೆ ಸಿಗಬೇಕು.